ಒಂಬತ್ತನೇ ಕ್ಲಾಸಿನ ಟೀಸಿ

ನನಗೆ ಟೀಸಿ ಕೊಟ್ಟ ದಿನ ಅಪ್ಪ ಒಗೆದ ಪಂಚೆ ಉಟ್ಟು, ಮದುವೆಮನೆಗೆ ಹಾಕಿಕೊಂಡು ಹೋಗುವ ಬಿಳಿ ಅಂಗಿ ತೊಟ್ಟು ಬಂದಿದ್ದ. ಹೆಡ್‌ಮಾಸ್ಟರೇ ಹೇಳಿಕಳಿಸಿದ್ದಾರೆ ಅಂದರೆ ಏನೋ ಒಳ್ಳೆಯ ಸುದ್ದಿಯೇ ಇರಬೇಕು ಅಂತ ಅವನ ಎಣಿಕೆ. ಮೇ ತಿಂಗಳ ಕೊನೆ. ಒಂಬತ್ತನೇ ಕ್ಲಾಸಿನ ಫಲಿತಾಂಶ ಬಂದಿತ್ತು. ನಾನು ಪಾಸಾಗಿದ್ದೆ. ಲೆಕ್ಕದಲ್ಲಿ ಮಾತ್ರ ಹೇಗೋ ದಡ ಮುಟ್ಟಿದ್ದೆ ಅಷ್ಟೆ.

ನಮ್ಮೂರು ಬೆಟ್ಟದಪುರಕ್ಕೆ ನಡೆದು ಹೋಗುವಷ್ಟು ಹತ್ತಿರ. ಹೊಗೆಸೊಪ್ಪಿನ ಬೇಸಾಯ. ಜುಲೈ ಬಂತೆಂದರೆ ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿನ ಬಿಸಿಗೂಡಿಗೆ ಏರಿಸಿ ಬೇಯಿಸಬೇಕು. ಅದು ಮುಗಿಯುವವರೆಗೆ ನಮ್ಮ ಕಡೆಯ ಮಕ್ಕಳು ವಾರಕ್ಕೆ ಎರಡು ದಿನ ಸ್ಕೂಲಿನಲ್ಲಿ ಕಂಡರೆ ಹೆಚ್ಚು. ಕೈಗೆ ಹತ್ತಿದ ಕಪ್ಪು ಅಂಟು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮುದ್ದೆ ಮುರಿದರೆ ಮುದ್ದೆಯೂ ಕಹಿ. ಇದು ನಮ್ಮ ಮೇಷ್ಟರುಗಳಿಗೆಲ್ಲ ಗೊತ್ತಿದ್ದ ಸಂಗತಿಯೇ.

ಆ ದಿನ ಹೆಡ್‌ಮಾಸ್ಟರ ಕೋಣೆಯ ಮುಂದೆ ಏಳು ಜನ ಮಕ್ಕಳು, ಏಳು ಜನ ಅಪ್ಪ ಅಮ್ಮಂದಿರು ನಿಂತಿದ್ದೆವು. ಒಬ್ಬೊಬ್ಬರನ್ನೇ ಒಳಗೆ ಕರೆದರು. ನಮ್ಮ ಸರದಿ ಬಂದಾಗ ಅವರು ಕೂರಿ ಅನ್ನಲಿಲ್ಲ.

"ನಿನ್ನ ಮಗಳನ್ನ ಹತ್ತಕ್ಕೆ ಕೂರಿಸೋಕಾಗಲ್ಲ ಕಣಯ್ಯಾ," ಅಂದರು.

"ಪಾಸಾಗವ್ಳೆ ಅಂದ್ರಲ್ಲ ಸಾ?"

"ಒಂಬತ್ತು ಪಾಸಾಗೋದು ಬೇರೆ, ಹತ್ತು ಪಾಸಾಗೋದು ಬೇರೆ. ನಮ್ಮ ಸ್ಕೂಲು ಸತತವಾಗಿ ನೂರಕ್ಕೆ ನೂರು ತಗೀತಿದೆ. ಇವಳೊಬ್ಬಳು ಡುಮ್ಕಿ ಹೊಡೆದರೆ ಜನ ನನ್ನ ಮುಖಕ್ಕೆ ಉಗೀತಾರೆ."

"ಮತ್ತೆ ಏನ್ ಮಾಡದು ಸಾ?"

"ಸೊಪ್ಪು ಕಟ್ಟೋದು ಕಲ್ತಿದ್ದಾಳಲ್ಲ. ಚೆನ್ನಾಗೇ ಕಲ್ತಿರಬೇಕು, ವರ್ಷಕ್ಕೆ ಮೂರು ತಿಂಗಳು ಅದನ್ನೇ ಓದಿದ್ದಾಳೆ."

ಪಕ್ಕದಲ್ಲಿದ್ದ ಕ್ಲರ್ಕು ನಕ್ಕ. ಅಪ್ಪನೂ ನಕ್ಕ. ದೊಡ್ಡವರು ಏನೋ ತಮಾಷೆ ಮಾಡಿದಾಗ ನಗದೆ ಇದ್ದರೆ ತಪ್ಪಾಗುತ್ತದೇನೋ ಅನ್ನುವ ನಗು ಅದು. ಆಮೇಲೆ ಕ್ಲರ್ಕು ಒಂದು ಹಾಳೆ ಮುಂದೆ ಸರಿಸಿ ಬೆರಳು ಇಟ್ಟು ತೋರಿಸಿದ ಕಡೆ ಅಪ್ಪ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ರುಜು ಹಾಕಿದ. ಅವನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಬೇರೆಯವರು ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ರುಜು ಹಾಕಿ, ಕೈ ಮುಗಿದು, "ಒಳ್ಳೇದು ಸಾ, ಬತ್ತೀನಿ," ಅಂದ.

ಟೀಸಿಗಿಂತ ನನ್ನನ್ನು ಸುಟ್ಟಿದ್ದು ಆ ನಗು, ಆ ಕೈ ಮುಗಿದದ್ದು. ಊರ ಕೆರೆ ಏರಿ ಮೇಲೆ ಬಂದಾಗ ಅಪ್ಪ, "ಓಗ್ಲಿ ಬುಡು," ಅಂದ. ನಾನು ಬಿಡಲಿಲ್ಲ. ಈಗಲೂ ಬಿಟ್ಟಿಲ್ಲ. ಈ ಬರಹ ಓದಿ ಕೊನೆಗೆ ನಾನು ಅವರನ್ನು ಕ್ಷಮಿಸುತ್ತೇನೆ ಅಂತ ಕಾಯುವವರಿದ್ದರೆ ಈಗಲೇ ಹೇಳಿಬಿಡುತ್ತೇನೆ, ಕ್ಷಮಿಸುವುದಿಲ್ಲ.

ಆ ವರ್ಷವೆಲ್ಲ ಸೊಪ್ಪು ಕಟ್ಟಿದೆ. ಕಡ್ಡಿಯ ಆ ಕಡೆಗೊಂದು ಈ ಕಡೆಗೊಂದು ಎಲೆಜೋಡಿ ಬಿಗಿಯುವಾಗ ದಾರ ಎಳೆದ ಪ್ರತಿ ಸಲವೂ ಹೆಡ್‌ಮಾಸ್ಟರ ಕತ್ತು ನೆನೆಯುತ್ತಿದ್ದೆ. ಅವರ ಸ್ಕೂಟರು ಕಲ್ಲಿಗೆ ಸಿಕ್ಕಿ ಬೀಳಲಿ, ಅವರ ಹಲ್ಲು ಉದುರಿ ಪಾಠ ಹೇಳುವಾಗ ಮಕ್ಕಳೆಲ್ಲ ನಗಲಿ ಅಂತ ಬೇಡಿಕೊಳ್ಳುತ್ತಿದ್ದೆ. ಹದಿನೈದರ ಹುಡುಗಿಗೆ ಹೊಳೆಯುವ ಸೇಡು ಅಷ್ಟೇ. ಮನೆಗೆ ಎರಡು ಸಂಬಂಧ ಬಂದು ಹೋದವು. ಅವ್ವ, "ಇನ್ನೊಂದೊರ್ಸ ತಡೀರಿ," ಅಂತ ಅಂದು ನನ್ನನ್ನು ಉಳಿಸಿದಳು.

ಮುಂದಿನ ವರ್ಷ ಹುಣಸೂರಿನಲ್ಲಿದ್ದ ಚಿಕ್ಕಮ್ಮನ ಬಾಣಂತನಕ್ಕೆ ನನ್ನನ್ನು ಕಳಿಸಿದರು. ಚಿಕ್ಕಮ್ಮನ ಮನೆಗೆ ತಗುಲಿದಂತೆ ಒಬ್ಬ ನಿವೃತ್ತ ಟೀಚರಮ್ಮನ ಮನೆ. ಗಂಡ ತೀರಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಅವರ ಜಗುಲಿ ಮೇಲೆ ಹತ್ತು ಹನ್ನೆರಡು ಜನ ದೊಡ್ಡವರು ಪುಸ್ತಕ ಹಿಡಿದು ಕೂರುತ್ತಿದ್ದರು. ಮೀಸೆ ಬಂದವರು, ಮಗು ಕಂಕುಳಲ್ಲಿ ಇಟ್ಟುಕೊಂಡವರು, ತಲೆಯಲ್ಲಿ ಒಂದೆರಡು ಬಿಳಿಕೂದಲು ಕಾಣುವವರು. ನಾನು ನಡುವಿನ ಮೋಟುಗೋಡೆಯ ಈಚೆ ಕೂಸಿನ ಬಟ್ಟೆ ಹಿಂಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಒಂದು ಭಾನುವಾರ ಬೀಜಗಣಿತದ ಲೆಕ್ಕವೊಂದಕ್ಕೆ ಯಾರಿಗೂ ಉತ್ತರ ಬರಲಿಲ್ಲ. ಒಂದು ಗಂಡು ದನಿ, "ಟೀಚರಮ್ಮ, ಆನೆ ಎದ್ರಿಗೆ ನಿಂತಿವ್ನಿ ನಾನು, ಈ ಎಕ್ಸ್ ಎದ್ರಿಗೆ ನಿಲ್ಲಕಾಗಕ್ಕಿಲ್ಲ," ಅಂತು. ಎಲ್ಲರೂ ನಕ್ಕರು. ನನಗೆ ಉತ್ತರ ಗೊತ್ತಿತ್ತು. ಗೋಡೆಯ ಈಚೆಯಿಂದಲೇ "ಏಳು" ಅಂದೆ.

ಟೀಚರಮ್ಮ ಗೋಡೆಯ ಮೇಲಿಂದ ಇಣುಕಿದರು. "ಹೇಗೆ ಬಂತು ಏಳು?" ಅಂದರು. ಹೇಳಿದೆ. "ಬಟ್ಟೆ ಹರವಿ ಬಾ," ಅಂದರು.

ಹೀಗೆ ನಾನು ಆ ಜಗುಲಿಗೆ ಹೋದೆ. ಆನೆ ಎದುರಿಗೆ ನಿಂತಿದ್ದವನು ಕಾಕನಕೋಟೆ ಕಡೆಯವನು, ಕಾಡಿನಲ್ಲಿ ದಿನಗೂಲಿ ವಾಚರು. ಹತ್ತನೇ ಕ್ಲಾಸಿನ ಸರ್ಟಿಫಿಕೇಟು ಇದ್ದರೆ ಕೆಲಸ ಕಾಯಂ ಆಗಬಹುದು ಅಂತ ಅಷ್ಟು ದೂರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ. ಕೆ.ಆರ್. ನಗರದ ಹತ್ತಿರದ ಭತ್ತದ ಊರಿಂದ ಒಬ್ಬ ಅಕ್ಕ ಬರುತ್ತಿದ್ದಳು. ಅವಳನ್ನು ಏಳಕ್ಕೇ ಬಿಡಿಸಿ ಮದುವೆ ಮಾಡಿದ್ದರು. ಮಗ ಹೋಂವರ್ಕ್ ಕೇಳಿದಾಗ ನಾಚಿಕೆಯಾಯಿತು, ಅದಕ್ಕೆ ಬಂದೆ ಅನ್ನುತ್ತಿದ್ದಳು. ಟೀಚರಮ್ಮ ಯಾರನ್ನೂ ಯಾಕೆ ಬಿಟ್ಟೆ ಅಂತ ಕೇಳುತ್ತಿರಲಿಲ್ಲ. ಯಾವ ಪಾಠದ ತನಕ ಬಂದಿದ್ದೆ ಅಂತ ಮಾತ್ರ ಕೇಳುತ್ತಿದ್ದರು.

ಸ್ಕೂಲು ಬಿಟ್ಟವರಿಗೂ ದಾರಿ ಇದೆ ಅಂತ ನನಗೆ ಗೊತ್ತಾದದ್ದು ಅಲ್ಲಿ. ಓಪನ್ ಸ್ಕೂಲಿಗೆ ಕಟ್ಟಿ ಒಂದೊಂದೇ ವಿಷಯ ಮುಗಿಸಬಹುದು. ಇಲ್ಲದಿದ್ದರೆ ವಯಸ್ಸು ತುಂಬಿದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಎಲ್ಲರ ಜೊತೆಗೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಬಹುದು. "ನಿನ್ನ ಟೀಸಿ ತಾ, ನೋಡೋಣ," ಅಂದರು ಟೀಚರಮ್ಮ.

ಊರಿಂದ ತರಿಸಿ ಕೊಟ್ಟೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದರು. "ಶಾಲೆ ಬಿಡಲು ಕಾರಣ, ಪೋಷಕರ ಕೋರಿಕೆ. ನಿಮ್ಮಪ್ಪ ಕೋರಿಕೊಂಡ್ರಾ?"

ನಾನು ಆ ಹಾಳೆಯನ್ನು ಅಲ್ಲಿಯವರೆಗೆ ಸರಿಯಾಗಿ ಓದಿಯೇ ಇರಲಿಲ್ಲ. ಕೈಯಲ್ಲಿ ಹಿಡಿಯಲೂ ಬೇಸರ. ಆವತ್ತು ಓದಿದೆ. ಅಪ್ಪ ರುಜು ಹಾಕಿದ್ದು ಏನಕ್ಕೆ ಅಂತ ಆಗ ಗೊತ್ತಾಯಿತು. ನಮ್ಮನ್ನು ಹೊರಗೆ ಹಾಕಿದ್ದಲ್ಲದೆ, ಹೊರಗೆ ಹಾಕಿ ಅಂತ ನಾವೇ ಕೇಳಿಕೊಂಡೆವು ಅಂತ ಬರೆಸಿಕೊಂಡಿದ್ದರು.

ಅದಾದ ಮೇಲೆ ನನ್ನ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಹೆಡ್‌ಮಾಸ್ಟರಿಗೆ ಹೇಳಬೇಕಾದ ಮಾತುಗಳನ್ನು ಬರೆಯತೊಡಗಿದೆ. ಒಂದು ಭಾನುವಾರ ಟೀಚರಮ್ಮ ಲೆಕ್ಕ ನೋಡುವಾಗ ಪುಟ ತಿರುವಿ ಅದನ್ನೂ ಓದಿಬಿಟ್ಟರು. ಅವರು ಪೆನ್ನು ತೆಗೆದು ಒಂದು ಕಡೆ ಕಾಗುಣಿತ ತಿದ್ದಿದರು.

"ಸಿಟ್ಟಿರಲಿ," ಅಂದರು. "ಸಿಟ್ಟು ಬಂದು ಪೇಪರ್ ಬರೆಯಲ್ಲ, ನೀನೇ ಬರೀಬೇಕು. ಮೊದಲು ಇದು ಮಾಡು," ಅಂತ ಮುಂದಿನ ಲೆಕ್ಕದ ಮೇಲೆ ಬೆರಳಿಟ್ಟರು.

ಪರೀಕ್ಷೆಗೆ ಸಾಮಾನ್ಯವಾಗಿ ಅರ್ಜಿ ಹಾಕುತ್ತಿದ್ದದ್ದು ನಮ್ಮ ಹೋಬಳಿಯ ಹೈಸ್ಕೂಲಿನ ಮೂಲಕ, ಅಂದರೆ ಆ ಹೆಡ್‌ಮಾಸ್ಟರ ಸ್ಕೂಲಿನ ಮೂಲಕವೇ. ಟೀಚರಮ್ಮ ನನ್ನನ್ನು ಒಬ್ಬಳನ್ನೇ ಕಳಿಸಿದರು. ಹೆಡ್‌ಮಾಸ್ಟರು ಅರ್ಜಿಯನ್ನು ಮೇಲಿಂದ ಕೆಳಗೆ ನೋಡಿ, "ಕೊನೇ ದಿನ ಮುಗೀತಲ್ಲ," ಅಂದರು. ಇನ್ನೂ ಎರಡು ದಿನ ಇತ್ತು. ಅದನ್ನು ಹೇಳಿದೆ. "ನನಗೇ ಕಾನೂನು ಹೇಳ್ತೀಯಾ?" ಅಂತ ಅರ್ಜಿಯನ್ನು ಮೇಜಿನ ಅಂಚಿಗೆ ತಳ್ಳಿದರು. ಅದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡು ಬಂದೆ.

ಮಾರನೆಯ ದಿನ ಟೀಚರಮ್ಮ ಮಂಡಿನೋವಿಗೆ ಬಟ್ಟೆ ಸುತ್ತಿಕೊಂಡು ನನ್ನನ್ನು ಕೆ.ಆರ್. ನಗರಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಒಂದು ಸ್ಕೂಲಿನಲ್ಲಿ ಅವರ ಹಳೆಯ ಶಿಷ್ಯೆ ಮುಖ್ಯೋಪಾಧ್ಯಾಯಿನಿ. ಎರಡು ನಿಮಿಷದಲ್ಲಿ ಅರ್ಜಿ ತೆಗೆದುಕೊಂಡರು, ಕಾಫಿಯನ್ನೂ ಕೊಟ್ಟರು. ಪರೀಕ್ಷೆಯ ದಿನಗಳಲ್ಲಿ ನಾನು ಉಳಿದದ್ದು ಆ ಭತ್ತದ ಊರಿನ ಅಕ್ಕನ ಮನೆಯಲ್ಲಿ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಪರೀಕ್ಷೆಗೆ ಹೋಗುತ್ತಿದ್ದೆವು. ಅವಳ ಗಂಡ ಮಾತಾಡುತ್ತಿರಲಿಲ್ಲ, ಆದರೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ತನಕ ಬಂದು ನಿಲ್ಲುತ್ತಿದ್ದ.

ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಲೆಕ್ಕದಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿತ್ತು. ಅಕ್ಕನೂ ಪಾಸು. ವಾಚರಣ್ಣ ಆ ಸಲ ಎಕ್ಸ್‌ಗೆ ಸೋತ, ಮುಂದಿನ ಸಲ ಗೆದ್ದ.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯುತ್ತಿತ್ತೋ ಏನೋ. ಆದರೆ ಒಂದು ದಿನ ಅವ್ವ ಬಾಯಿಬಿಟ್ಟಳು. ಅಂಕಪಟ್ಟಿ ಬಂದ ವಾರ ಅಪ್ಪ ಅದರ ಜೆರಾಕ್ಸು ಮಾಡಿಸಿ, ಅದೇ ಬಿಳಿ ಅಂಗಿ ಹಾಕಿಕೊಂಡು, ಯಾರಿಗೂ ಹೇಳದೆ ಹೆಡ್‌ಮಾಸ್ಟರ ಹತ್ತಿರ ಹೋಗಿದ್ದನಂತೆ. ಜಗಳಕ್ಕಲ್ಲ, ತೋರಿಸುವುದಕ್ಕೆ. ಅವರಿಗೂ ಸಂತೋಷವಾಗುತ್ತದೆ ಅಂದುಕೊಂಡಿದ್ದನಂತೆ. ಹೆಡ್‌ಮಾಸ್ಟರು ಅವನನ್ನು ಗೇಟಿನ ಹತ್ತಿರವೇ ಅರ್ಧ ದಿನ ನಿಲ್ಲಿಸಿ, ಕೊನೆಗೆ ಹೊರಗೆ ಹೋಗುತ್ತಾ ಸ್ಕೂಟರಿನ ಮೇಲಿಂದಲೇ ಹಾಳೆ ನೋಡಿ, "ಎಕ್ಸ್‌ಟರ್ನಲ್ ಪಾಸು ಪಾಸೇ ಅಲ್ಲ ಬಿಡು. ಅಲ್ಲಿ ಕಾಪಿ ಹೊಡೆಯೋಕೆ ಬಿಡ್ತಾರೆ," ಅಂದರಂತೆ.

"ಅವ್ಳಿಗೆ ಯೋಳ್‌ಬ್ಯಾಡ ಅಂದವ್ನೆ," ಅಂದಳು ಅವ್ವ.

ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಬರೆದರೆ ಸಿಟ್ಟು ಖರ್ಚಾಗಿಬಿಡುತ್ತದೆ ಅನ್ನಿಸಿತು.

ಪಿಯುಸಿಯನ್ನೂ ಹಾಗೆಯೇ ಹೊರಗಿನಿಂದ ಕಟ್ಟಿ ಮುಗಿಸಿದೆ. ಡಿಗ್ರಿ ಅಂಚೆಯಲ್ಲಿ ಬಂದ ಪುಸ್ತಕಗಳಿಂದ. ಬಿ.ಎಡ್ ಮಾತ್ರ ಕಾಲೇಜಿಗೆ ಹೋಗಿ ಮಾಡಿದೆ. ಹುಣಸೂರಿನ ಒಂದು ಖಾಸಗಿ ಸ್ಕೂಲಿನಲ್ಲಿ ಪಾಠ ಹೇಳುತ್ತಾ ಭಾನುವಾರ ಟೀಚರಮ್ಮನ ಜಗುಲಿಗೆ ಹೋಗುತ್ತಿದ್ದೆ. ಅವರಿಗೆ ಮಂಡಿ ಪೂರ್ತಿ ಕೈಕೊಟ್ಟು ಮೈಸೂರಿನ ಮಗಳ ಮನೆಗೆ ಹೋದಾಗ ಮನೆಯ ಬೀಗದ ಕೈ ನನಗೆ ಕೊಟ್ಟರು. "ಬಂದೋರನ್ನ ಕಾರಣ ಕೇಳಬೇಡ," ಅಂದರು. ಉಳಿದೆಲ್ಲವನ್ನೂ ಪಾಲಿಸಿದೆ, ಇದೊಂದನ್ನು ಪಾಲಿಸಲಿಲ್ಲ. ನಾನು ಪ್ರತಿಯೊಬ್ಬರನ್ನೂ ಕಾರಣ ಕೇಳಿದೆ.

ಸರಗೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಎಲ್ಲ ಕಡೆಯಿಂದ ಬರುತ್ತಿದ್ದರು. ಮದುವೆಗೆ ಬಿಡಿಸಿದವರು, ಕಾಯಿಲೆಯಿಂದ ಬಿಟ್ಟವರು, ಮೇಷ್ಟರ ಹೊಡೆತಕ್ಕೆ ಹೆದರಿ ಬಿಟ್ಟವರು. ಆರು ವರ್ಷದ ಹಿಂದೆ ಜೂನ್ ಮೊದಲ ವಾರದಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಕೂಲಿ ಮಾಡುವ ಹೆಂಗಸು. ಹುಡುಗಿ ತೆಳ್ಳಗೆ, ಎರಡು ಜಡೆ ಹಾಕಿಕೊಂಡು, ಟೀಸಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡಿದ್ದಳು. ತೆಗೆದು ನೋಡಿದೆ. ಅದೇ ಸ್ಕೂಲು, ಅದೇ ರುಜು. ಕಾರಣ, ಪೋಷಕರ ಕೋರಿಕೆ.

"ಮಗಳ್ನ ಬುಡುಸ್ತೀನಿ ಅಂತ ನೀವು ಬರ್ಕೊಟ್ರಾ?" ಅಂತ ತಾಯಿಯನ್ನು ಕೇಳಿದೆ.

"ನಂಗೆಲ್ ಬರಿಯಕ್ಕೆ ಬತ್ತದೆ ಮಿಸ್ಸು? ಎಬ್ಬೆಟ್ ಒತ್ತು ಅಂದ್ರು, ಒತ್ದೆ."

ಆ ವಾರದಲ್ಲೇ ಆ ಸ್ಕೂಲಿನ ಇನ್ನೂ ನಾಲ್ಕು ಮಕ್ಕಳ ಮನೆ ಹುಡುಕಿಕೊಂಡು ಹೋದೆ. ಎಲ್ಲರದೂ ಒಂದೇ ಕಥೆ. ಊರಿನಲ್ಲಿ ಇನ್ನೊಂದು ಸುದ್ದಿಯೂ ಸಿಕ್ಕಿತು. ಆ ವರ್ಷದ ಕೊನೆಗೆ ಹೆಡ್‌ಮಾಸ್ಟರು ನಿವೃತ್ತರಾಗುತ್ತಾರೆ, ಈಗಿನಿಂದಲೇ ದೊಡ್ಡ ಸನ್ಮಾನದ ತಯಾರಿ ನಡೆಯುತ್ತಿದೆ. ಇಷ್ಟು ವರ್ಷ ಕಾದದ್ದು ಕೈ ಜಾರಿಹೋಗುತ್ತದೆ ಅನ್ನಿಸಿತು. ಮಕ್ಕಳ ಬಗ್ಗೆ ಮರುಕವೂ ಇತ್ತು, ಇಲ್ಲ ಅನ್ನಲಾರೆ. ಆದರೆ ನನ್ನನ್ನು ಬಸ್ಸು ಹತ್ತಿಸಿದ್ದು ಮರುಕವಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಒಂಬತ್ತನೇ ಕ್ಲಾಸಿನ ನಂತರ ಟೀಸಿ ತೆಗೆದುಕೊಂಡ ಎಲ್ಲ ಮಕ್ಕಳ ಪೋಷಕರ ಕೋರಿಕೆ ಪತ್ರಗಳ ನಕಲು ಬೇಕು ಅಂತ ಕೇಳಿದೆ. ಮೊದಲು ಉತ್ತರವೇ ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಒಂದು ದಪ್ಪ ಲಕೋಟೆ ಬಂತು. ಜಗುಲಿಯ ಮೇಲೆ ಹರಡಿ ಕೂತೆ.

ಒಂದೇ ಕೈಬರಹ. ಎಲ್ಲ ವರ್ಷಗಳದೂ ಅದೇ. "ಮನೆಯ ತೊಂದರೆಯ ನಿಮಿತ್ತ" ಅನ್ನುವ ಅದೇ ಸಾಲು, "ನಿಮಿತ್ತ"ದಲ್ಲಿ ಒತ್ತಕ್ಷರ ಬಿಟ್ಟು ಎಲ್ಲ ಕಡೆ "ನಿಮಿತ" ಅನ್ನುವ ಅದೇ ತಪ್ಪು. ಕೆಳಗೆ ಮಾತ್ರ ಬೇರೆ ಬೇರೆ ಹೆಬ್ಬೆಟ್ಟು, ಬೇರೆ ಬೇರೆ ರುಜು. ಹಳೆಯ ಕಟ್ಟಿನಲ್ಲಿ ಅಪ್ಪನ ರುಜುವೂ ಸಿಕ್ಕಿತು. ಸೊಟ್ಟ ಸೊಟ್ಟ ಅಕ್ಷರ. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಸ್ವಲ್ಪ ಮೇಲಕ್ಕೆ ಹತ್ತಿಸಿದ್ದ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಆಮೇಲೆ ಎದ್ದು ಎಲ್ಲವನ್ನೂ ಮೂರು ಮೂರು ಜೆರಾಕ್ಸು ಮಾಡಿಸಿ ಶಿಕ್ಷಣ ಇಲಾಖೆಗೆ ದೂರು ಬರೆದೆ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಅದೇ ಕೋಣೆ. ಈ ಸಲ ನನಗೂ ಕುರ್ಚಿ ಇತ್ತು. ಹೆಡ್‌ಮಾಸ್ಟರ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಹಲ್ಲು ಎಲ್ಲವೂ ಇದ್ದವು. ಅವರಿಗೆ ನಾನು ಯಾರು ಅಂತ ನೆನಪೇ ಇರಲಿಲ್ಲ, ಅಧಿಕಾರಿ ಅಪ್ಪನ ಪತ್ರ ತೋರಿಸಿದ ಮೇಲೆಯೇ ಗೊತ್ತಾದದ್ದು. ಅದು ನನಗೆ ಇನ್ನಷ್ಟು ಉರಿ ಹತ್ತಿಸಿತು.

"ತಂದೆ ತಾಯಿಗಳೇ ಬರ್ಕೊಟ್ಟಿದ್ದಾರೆ ಸಾರ್. ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ," ಅಂದರು ಅಧಿಕಾರಿಗೆ.

ಅಧಿಕಾರಿ ಆ ಕೂಲಿ ಹೆಂಗಸಿನ ಮುಂದೆ ಅವಳ ಪತ್ರ ಇಟ್ಟರು. "ಇದು ನೀವು ಬರೆದಿದ್ದಾಮ್ಮ?"

ಅವಳು ಹಾಳೆಯನ್ನು ತಲೆಕೆಳಗಾಗಿ ಹಿಡಿದುಕೊಂಡಳು. ಅಧಿಕಾರಿ ಕ್ಲರ್ಕಿನ ಕಡೆ ತಿರುಗಿ ಒಂದು ಖಾಲಿ ಹಾಳೆ ಕೊಟ್ಟು, "ಮನೆಯ ತೊಂದರೆಯ ನಿಮಿತ್ತ ಅಂತ ಬರೀರಿ," ಅಂದರು. ಕ್ಲರ್ಕು ಹೆಡ್‌ಮಾಸ್ಟರ ಮುಖ ನೋಡಿದ. ಹೆಡ್‌ಮಾಸ್ಟರು ಕಿಟಕಿ ನೋಡಿದರು. ಕ್ಲರ್ಕು ಬರೆದ. ಒತ್ತಕ್ಷರ ಇರಲಿಲ್ಲ.

"ಸಾರ್ ಹೇಳಿದ್ದಕ್ಕೆ ಬರೆದೆ," ಅಂದ, ಯಾರೂ ಕೇಳದೆಯೇ.

ಐದೂ ಮಕ್ಕಳನ್ನು ವಾಪಸ್ ಹತ್ತನೇ ಕ್ಲಾಸಿಗೆ ಸೇರಿಸಿಕೊಳ್ಳಬೇಕು ಅಂತ ಆದೇಶವಾಯಿತು. ಹೆಡ್‌ಮಾಸ್ಟರಿಗೆ ನೋಟೀಸು ಬಂತು, ಅಷ್ಟೇ. ನಿವೃತ್ತಿಗೆ ಹತ್ತಿರ ಇದ್ದಾರೆ ಅಂತ ಬೇರೇನೂ ಮಾಡಲಿಲ್ಲ. ಮರುಪ್ರವೇಶದ ಪುಸ್ತಕದಲ್ಲಿ ಐದು ಹೆಸರುಗಳನ್ನು ಅವರ ಕೈಯಿಂದಲೇ ಬರೆಸಿದರು. ನಾನು ಎದುರಿಗೆ ಕೂತು ಐದನ್ನೂ ಬರೆಯುವ ತನಕ ನೋಡಿದೆ. ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಅಷ್ಟಕ್ಕೂ ನನಗೆ ಸಾಲಲಿಲ್ಲ. ಸನ್ಮಾನದ ದಿನ ಹೋದೆ. ಸ್ಕೂಲಿನ ಮೈದಾನದಲ್ಲಿ ಪೆಂಡಾಲು. ಮೈಸೂರು ಪೇಟ, ಹಣ್ಣಿನ ಬುಟ್ಟಿ, ಶಾಲು ಎಲ್ಲ ವೇದಿಕೆ ಮೇಲಿದ್ದವು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಸುಮ್ಮನೆ ಕೂತಿರಬೇಕು, ಅವರು ನನ್ನನ್ನು ನೋಡುತ್ತಿರಬೇಕು, ಇಷ್ಟೇ ನನ್ನ ಉದ್ದೇಶ. ಅವರು ಭಾಷಣದ ಮಧ್ಯೆ ನನ್ನನ್ನು ನೋಡಿದರು. ಆಮೇಲೆ ನಕ್ಕರು.

"ಇಲ್ಲಿ ನಮ್ಮ ಒಬ್ಬಳು ಹಳೇ ವಿದ್ಯಾರ್ಥಿನಿ ಕೂತಿದ್ದಾಳೆ," ಅಂದರು ಮೈಕಿನಲ್ಲಿ. "ಈಗ ಅವಳೇ ಟೀಚರು. ಒಂದು ಕಾಲದಲ್ಲಿ ನಾನು ಅವಳಿಗೆ ಗಟ್ಟಿ ಮಾತು ಆಡಿದ್ದೆ. ಆ ಮಾತೇ ಅವಳಿಗೆ ಛಲ ಹುಟ್ಟಿಸ್ತು. ಗುರು ಅನ್ನೋನು ಕೆಲವು ಸಲ ಕಲ್ಲಾಗಬೇಕಾಗುತ್ತೆ. ಬಾಮ್ಮ ಮೇಲಕ್ಕೆ, ಎರಡು ಮಾತಾಡು."

ಜನ ಚಪ್ಪಾಳೆ ತಟ್ಟಿದರು. ನನ್ನ ಓದು, ಟೀಚರಮ್ಮನ ಜಗುಲಿ, ಕೆ.ಆರ್. ನಗರದ ಬಸ್ಸು, ಎಲ್ಲವನ್ನೂ ಒಂದೇ ಉಸಿರಿಗೆ ತನ್ನ ಹೆಸರಿಗೆ ಬರೆದುಕೊಂಡರು ಆ ಮನುಷ್ಯ. ನಾನು ಎದ್ದು ವೇದಿಕೆಗೆ ಹೋದೆ. ಬ್ಯಾಗಿನಲ್ಲಿ ಅಪ್ಪನ ರುಜು ಇದ್ದ ಪತ್ರದ ಜೆರಾಕ್ಸು ಇತ್ತು. ತೆಗೆದು ಮೈಕಿನ ಮುಂದೆ ಹಿಡಿದೆ.

"ಸಾರು ನನಗೆ ಛಲ ಕೊಟ್ಟೆ ಅಂದ್ರು. ಅವರು ಕೊಟ್ಟಿದ್ದು ಟೀಸಿ. ಇದು ನಮ್ಮಪ್ಪ ಬರೆದುಕೊಟ್ಟರು ಅಂತ ಇವರು ಇಟ್ಟುಕೊಂಡಿದ್ದ ಪತ್ರ. ನಮ್ಮಪ್ಪನಿಗೆ ಓದೋಕೆ ಬರಲ್ಲ," ಅಂದೆ. ಪತ್ರ ಓದಿದೆ. "ನನ್ನ ಜೊತೆ ಆವತ್ತು ಇನ್ನೂ ಆರು ಜನ ಇದ್ದರು. ಅವರು ಈ ಸಭೆಗೆ ಬಂದಿಲ್ಲ. ಅವರಿಗೂ ಛಲ ಬಂತಾ ಅಂತ ಸಾರನ್ನ ಕೇಳಿ."

ಅಷ್ಟರಲ್ಲಿ ಯಾರೋ ಮೈಕು ಆರಿಸಿದರು. "ದೊಡ್ಡೋರಿಗೆ ಹಿಂಗ್ ಮಾತಾಡ್ಬಾರ್ದು," ಅಂತ ಹಿಂದಿನಿಂದ ಒಬ್ಬರು ಅಂದರು. "ಅವ್ಳು ಯೋಳ್ತಿರದು ನಿಜ ಕಣ್ರೀ, ನನ್ ಮಗನ್ಗೂ ಅಂಗೇ ಮಾಡುದ್ರು," ಅಂತ ಇನ್ನೊಂದು ಹೆಂಗಸಿನ ದನಿ. ವೇದಿಕೆ ಮೇಲೆ ಹೆಡ್‌ಮಾಸ್ಟರ ಹೆಂಡತಿ ತಲೆ ಬಗ್ಗಿಸಿ ಸೆರಗಿನ ಅಂಚು ಮಡಿಸುತ್ತಾ ಕೂತಿದ್ದರು. ಪೇಟ ಹಾಕಿಕೊಂಡಿದ್ದ ಹೆಡ್‌ಮಾಸ್ಟರ ಮುಖ ಕೆಂಪಗಾಗಿ, ತುಟಿ ಆಡುತ್ತಿತ್ತು. ನನಗೆ ಖುಷಿಯಾಯಿತು. ಸುಳ್ಳು ಹೇಳಿ ಏನಾಗಬೇಕು. ಹುಣಸೂರು ಮುಟ್ಟುವ ತನಕ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ಆ ಖುಷಿ ಸ್ವಲ್ಪ ದಿನ ಇತ್ತು. ಅದನ್ನು ಕೆಡಿಸಿದ್ದು ಆ ಎರಡು ಜಡೆಯ ಹುಡುಗಿ. ವಾಪಸ್ ಸೇರಿಸಿದ ಐವರಲ್ಲಿ ನಾಲ್ವರು ಹೇಗೋ ಓದು ಮುಂದುವರಿಸಿದರು, ಮೂವರು ಪಾಸೂ ಆದರು. ಇವಳು ಪರೀಕ್ಷೆಗೆ ಇನ್ನೂ ಸಮಯ ಇರುವಾಗಲೇ ಒಂದು ಭಾನುವಾರ ಜಗುಲಿಗೆ ಬಂದು ಕೂತಳು.

"ಯಾಕೆ ಸ್ಕೂಲಿಗೆ ಹೋಗ್ತಿಲ್ಲ?" ಅಂದೆ.

"ಕಡೇ ಬೆಂಚಲ್ಲಿ ಕೂರುಸ್ತಾರೆ ಮಿಸ್. ಕೇಸ್ ಹಾಕ್ದೋರು ಅಂತ ಕರೀತಾರೆ. ಯಾರೂ ನೋಟ್ಸ್ ಕೊಡಲ್ಲ."

"ನನಗೆ ಮೊದಲೇ ಹೇಳಬೇಕಿತ್ತು. ನಾನು ಬಂದು ಕೇಳ್ತಿದ್ದೆ."

"ನಂಗೆ ಅಲ್ಲಿಗೆ ವಾಪಸ್ ಓಗಕ್ಕೆ ಮೊದ್ಲೂ ಇಷ್ಟ ಇರ್ಲಿಲ್ಲ ಮಿಸ್," ಅಂದಳು. "ಇಲ್ಲೇ ಓದ್ತೀನಿ ಅಂದಿದ್ಕೇ ನಮ್ಮವ್ವ ಕರ್ಕೊಂಡು ಬಂದಿದ್ದು. ನಾನು ಅಲ್ಲಿಗೆ ಓಗ್ಬೇಕು ಅಂತ ಇದ್ದಿದ್ದು ನಿಮಗೆ."

ಅವಳು ಹೇಳಿದ್ದು ನಿಜ. ಅವಳ ಅವ್ವ ನನ್ನ ಜಗುಲಿಗೆ ಬಂದಿದ್ದಳು, ಪಾಠ ಕೇಳಿಕೊಂಡು. ನಾನು ಅವಳ ಹೆಬ್ಬೆಟ್ಟು ಹಿಡಿದುಕೊಂಡು ಬೇರೆಲ್ಲಿಗೋ ಹೊರಟಿದ್ದೆ. ಹುಡುಗಿಗೆ ಯಾವುದು ಬೇಕು ಅಂತ ಒಂದು ಮಾತೂ ಕೇಳಿರಲಿಲ್ಲ. ಆವತ್ತು ಅವಳ ಮುಂದೆ, "ತಪ್ಪಾಯ್ತು ಕಣವ್ವ," ಅಂದೆ. ಅವಳು ಪುಸ್ತಕ ತೆಗೆದಳು. ಆ ವರ್ಷ ಹೇಗೂ ಕೈತಪ್ಪಿತ್ತು. ಮುಂದಿನ ವರ್ಷ ಓಪನ್ ಸ್ಕೂಲಿಗೆ ಕಟ್ಟಿಸಿದೆ, ಒಂದೊಂದೇ ವಿಷಯ ಮುಗಿಸಿ ಪೂರ್ತಿ ಮಾಡಿದಳು, ಆಮೇಲೆ ಪಿಯುಸಿಯನ್ನೂ ಮುಗಿಸಿದಳು. ಈಗ ಹುಣಸೂರಿನಲ್ಲೇ ನರ್ಸಿಂಗ್ ಓದುತ್ತಿದ್ದಾಳೆ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ಹೆಡ್‌ಮಾಸ್ಟರ ಮೇಲಿನ ಸಿಟ್ಟಿಗೆ ಇದೂ ಒಂದು ಸೇರಿಕೊಳ್ಳುತ್ತದೆ, ನನ್ನ ಕೈಯಿಂದಲೇ ಒಂದು ತಪ್ಪು ಮಾಡಿಸಿದರಲ್ಲ ಅಂತ. ಇದು ನ್ಯಾಯವಲ್ಲ ಅಂತ ಗೊತ್ತು. ಆದರೂ ಹಾಗೆಯೇ ಅನ್ನಿಸುತ್ತದೆ.

ಕಳೆದ ತಿಂಗಳು ಪಿರಿಯಾಪಟ್ಟಣದಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಹೆಡ್‌ಮಾಸ್ಟರು ಸಿಕ್ಕಿದರು. ಕೈಯಲ್ಲಿ ಮಾತ್ರೆ ಅಂಗಡಿಯ ಕವರು. ತೀರಾ ಸೊರಗಿಹೋಗಿದ್ದಾರೆ. ನಾನು ಹತ್ತಿದಾಗ ಸೀಟು ಇರಲಿಲ್ಲ. ಅವರು ಸರಿದು ಪಕ್ಕದಲ್ಲಿ ಜಾಗ ಮಾಡಿ, "ಬಾಮ್ಮ, ಕೂತ್ಕೊ. ಚೆನ್ನಾಗಿದ್ದೀಯಾ?" ಅಂದರು. ದನಿ ಮೆತ್ತಗಿತ್ತು. ಬೇಕಿದ್ದರೆ ಅದರಲ್ಲಿ ಪಶ್ಚಾತ್ತಾಪ ಹುಡುಕಬಹುದಿತ್ತು. ನಾನು ಹುಡುಕಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಕಂಬಿ ಹಿಡಿದುಕೊಂಡು ನಮ್ಮೂರ ಗೇಟಿನ ಸ್ಟಾಪು ಬರುವ ತನಕ ನಿಂತೇ ಬಂದೆ. ಪಕ್ಕದ ಜಾಗ ಖಾಲಿಯೇ ಇತ್ತು, ಆಮೇಲೆ ಯಾರೋ ಸೊಪ್ಪಿನ ಚೀಲ ಇಟ್ಟುಕೊಂಡು ಕೂತರು.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವನು ಜಗುಲಿ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ.

"ವಯಸ್ಸಾದೋರು ಮಾತಾಡ್ಸುದ್ರೆ ಉತ್ರ ಕೊಡ್ಬೇಕು ಕಣವ್ವ," ಅಂದಳು ಒಳಗಿನಿಂದ ಅವ್ವ.

ಅಪ್ಪ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗೆ ಹಾಕಿಕೊಂಡ. ಆಮೇಲೆ ಒಳಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

"ನನ್ನೂ ಮಾತಾಡ್ಸಿದ್ದ. ಓದ್ ತಿಂಗ್ಳು ಒಗೆಸೊಪ್ಪಿನ್ ಅರಾಜ್ ಕಟ್ಟೆ ತಾವ. ಯಜಮಾನ್ರೇ, ಚೆನ್ನಾಗಿದ್ದೀರಾ ಅಂತ, ಬಹುವಚ್ನದಲ್ಲಿ."

"ನೀನೇನಂದೆ?"

"ಕಿವಿ ಕೇಳ್ದೋನಂಗೆ ಬಂದ್ಬುಟ್ಟೆ."

ಅಪ್ಪನ ಕಿವಿ ಚೆನ್ನಾಗಿಯೇ ಕೇಳುತ್ತದೆ. ಅವ್ವ ಊಟಕ್ಕೆ ಕರೆದಳು.